80ರಲ್ಲಿ ಓಡುವ ಬಸ್ಸಿಗೆ ವೇಗೋತ್ಕರ್ಷ ಸೊನ್ನೆ ಯಾಕೆ?

ಪ್ರಶ್ನೆ: ಸರ್, ನಮ್ಮದು ಜಮಖಂಡಿ. ಮಗಳು ಒಂಬತ್ತನೇ ಇಯತ್ತೆ, ಕನ್ನಡ ಮಾಧ್ಯಮ. 'ಚಲನೆ' ಪಾಠದಲ್ಲಿ ವೇಗೋತ್ಕರ್ಷ (ಆ್ಯಕ್ಸಲರೇಷನ್) ಬಂದಲ್ಲಿಂದ ಅವಳಿಗೆ ತಲೆನೋವು. ಸೂತ್ರ ಬಾಯಿಪಾಠ ಇದೆ, ಲೆಕ್ಕ ಮಾತ್ರ ತಪ್ಪುತ್ತದೆ. ಮೊನ್ನೆ ಒಂದು ಲೆಕ್ಕ ಹೀಗಿತ್ತು: ಒಂದು ಬೈಕಿನ ವೇಗ ಗಂಟೆಗೆ 18 ಕಿ.ಮೀ.ನಿಂದ 54 ಕಿ.ಮೀ.ಗೆ 5 ಸೆಕೆಂಡಿನಲ್ಲಿ ಏರಿತು, ವೇಗೋತ್ಕರ್ಷ ಎಷ್ಟು? ಅವಳು 10.8 ಅಂತ ಬರೆದಳು. ತಪ್ಪು ಅಂತ ಗೀಟು ಬಿತ್ತು, ಯಾಕೆ ಅಂತ ತಿಳಿಯಲಿಲ್ಲ. ಇನ್ನೂ ಕೆಲವು ಕೇಳುತ್ತಾಳೆ. 80 ಕಿ.ಮೀ. ವೇಗದಲ್ಲಿ ಓಡುವ ಬಸ್ಸಿಗೆ ವೇಗೋತ್ಕರ್ಷ ಸೊನ್ನೆ ಅಂತಾರಲ್ಲ, ಅದು ಹೇಗೆ? ಸೆಕೆಂಡಿಗೆ ವರ್ಗ ಯಾಕೆ ಹಾಕುತ್ತಾರೆ? ಉತ್ತರ ಮೈನಸ್ ಬಂದರೆ ತಪ್ಪಾ? ಮೇಲೆ ಎಸೆದ ಚೆಂಡು ತುದಿಯಲ್ಲಿ ನಿಂತಾಗ ವೇಗ ಸೊನ್ನೆ, ಹಾಗಾದರೆ ವೇಗೋತ್ಕರ್ಷವೂ ಸೊನ್ನೆ ಅಲ್ವಾ? ನಾನು ಕಲಿತದ್ದು ಕಾಮರ್ಸ್, ನನಗೆ ಹೇಳಿಕೊಡೋಕೆ ಬರುವುದಿಲ್ಲ.

ಉತ್ತರ: ಮೊದಲು ಆ ಬೈಕಿನ ಲೆಕ್ಕವನ್ನೇ ಹಿಡಿಯೋಣ. 10.8 ಎಲ್ಲಿಂದ ಬಂತು ಅಂದರೆ, ಮಗಳು 54ನ್ನು 5ರಿಂದ ಭಾಗಿಸಿದ್ದಾಳೆ. ಎರಡು ಕಡೆ ಎಡವಿದ್ದಾಳೆ. ಎರಡೂ ಬಹಳ ಮಕ್ಕಳು ಎಡವುವ ಜಾಗಗಳೇ.

ಒಂದು, ಬೈಕು ನಿಂತಲ್ಲಿಂದ ಹೊರಟಿಲ್ಲ. ಅದಕ್ಕೆ ಮೊದಲೇ 18 ಇತ್ತು. ಹೊಸದಾಗಿ ಸೇರಿದ್ದು 54 ಅಲ್ಲ, 36. ಐದು ಸೆಕೆಂಡಿನಲ್ಲಿ 36 ಸೇರಿತು ಅಂದರೆ ಪ್ರತಿ ಸೆಕೆಂಡಿಗೆ 7.2 ಸೇರಿತು. ಎರಡು, ಆ 7.2 ಇರುವುದು 'ಗಂಟೆಗೆ ಕಿಲೋಮೀಟರ್' ಲೆಕ್ಕದಲ್ಲಿ. ಪುಸ್ತಕ ಕೇಳುವುದು 'ಸೆಕೆಂಡಿಗೆ ಮೀಟರ್' ಲೆಕ್ಕದಲ್ಲಿ. 18 ಕಿ.ಮೀ. ಅಂದರೆ ಸೆಕೆಂಡಿಗೆ 5 ಮೀಟರ್. 54 ಅಂದರೆ 15 ಮೀಟರ್. 15ರಲ್ಲಿ 5 ಕಳೆದರೆ 10. ಅದನ್ನು 5 ಸೆಕೆಂಡಿನಿಂದ ಭಾಗಿಸಿದರೆ 2. ಉತ್ತರ 2 ಮೀ/ಸೆ². ಮುಗಿಯಿತು.

ಆದರೆ 10.8 ಅಂತ ಬರೆದ ಕೂಡಲೇ 'ಏನೋ ಎಡವಟ್ಟಾಗಿದೆ' ಅಂತ ಅವಳಿಗೇ ಅನ್ನಿಸುವ ಹಾಗಾಗಬೇಕು. ಕೈಯಿಂದ ಜಾರಿದ ಕಲ್ಲು ನೆಲಕ್ಕೆ ಬೀಳುವಾಗ ಅದರ ವೇಗೋತ್ಕರ್ಷ 9.8. ಸಾದಾ ಬೈಕೊಂದು ರಸ್ತೆ ಮೇಲೆ, ಬೀಳುವ ಕಲ್ಲಿಗಿಂತ ಜೋರಾಗಿ ವೇಗ ಏರಿಸಿಕೊಳ್ಳುತ್ತದೆಯೇ? ಹಾಗೆ ಮಾಡಲು ಹೋದರೆ ಮುಂದಿನ ಗಾಲಿ ಎದ್ದು ಸವಾರ ಹಿಂದಕ್ಕೆ ಬೀಳುತ್ತಾನೆ. ಅದಕ್ಕೇ ಈ 9.8 ಅನ್ನೋದನ್ನು ಒಂದು ಅಳತೆಗೋಲಾಗಿ ತಲೆಯಲ್ಲಿ ಇಟ್ಟುಕೊಳ್ಳಲಿ. ಸ್ಟ್ಯಾಂಡಿನಿಂದ ಹೊರಡುವ ಬಸ್ಸಿಗೆ ಸುಮಾರು 1. ಸಾದಾ ಬೈಕಿಗೆ 2 ಅಥವಾ 3. ರಸ್ತೆ ಮೇಲಿನ ವಾಹನದ ಲೆಕ್ಕದಲ್ಲಿ 10, 20 ಅಂತ ಬಂದರೆ ಘಟಕ ಬದಲಿಸಲು ಮರೆತಿದ್ದೇನೆ ಅಂತಲೇ ಅರ್ಥ.

ಈಗ ಸೂತ್ರವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಸೂತ್ರದಿಂದ ಪಾಠ ಶುರು ಮಾಡುವುದೇ ನನಗೆ ಸರಿ ಅನ್ನಿಸುವುದಿಲ್ಲ. ಬೈಕಿನ ಸ್ಪೀಡೋಮೀಟರಿನಿಂದ ಶುರು ಮಾಡಬೇಕು. ಮುಳ್ಳು ತೋರಿಸುವುದು ವೇಗ. ಮುಳ್ಳು ಎಷ್ಟು ಬೇಗ ಸರಿಯುತ್ತದೆ ಅನ್ನೋದು ವೇಗೋತ್ಕರ್ಷ. ಮುಳ್ಳು 80ರ ಮೇಲೆ ನಿಂತಿದ್ದರೂ ಸರಿ, 20ರ ಮೇಲೆ ನಿಂತಿದ್ದರೂ ಸರಿ, ಅಲುಗದೆ ನಿಂತಿದ್ದರೆ ನೇರ ರಸ್ತೆಯಲ್ಲಿ ವೇಗೋತ್ಕರ್ಷ ಸೊನ್ನೆ.

ನೀವು ಕಾಮರ್ಸ್ ಕಲಿತವರು, ಹಾಗಾಗಿ ನಿಮಗೆ ಪಗಾರದ ಲೆಕ್ಕದಲ್ಲಿ ಹೇಳುತ್ತೇನೆ. ಒಬ್ಬರಿಗೆ ತಿಂಗಳಿಗೆ 80,000 ಪಗಾರ, ಆದರೆ ವರ್ಷಗಟ್ಟಲೆ ಇನ್‌ಕ್ರಿಮೆಂಟ್ ಇಲ್ಲ. ಇನ್ನೊಬ್ಬರಿಗೆ 15,000 ಪಗಾರ, ವರ್ಷಕ್ಕೆ 2,000 ಏರುತ್ತದೆ. ಪಗಾರ ಯಾರದು ದೊಡ್ಡದು? ಮೊದಲನೆಯವರದು. ಏರಿಕೆ ಯಾರದು ದೊಡ್ಡದು? ಎರಡನೆಯವರದು. ಪಗಾರ ವೇಗ, ಇನ್‌ಕ್ರಿಮೆಂಟ್ ವೇಗೋತ್ಕರ್ಷ. ದೊಡ್ಡ ಪಗಾರಕ್ಕೂ ದೊಡ್ಡ ಇನ್‌ಕ್ರಿಮೆಂಟಿಗೂ ಸಂಬಂಧ ಇರಲೇಬೇಕು ಅಂತೇನಿಲ್ಲ.

ಇದರಲ್ಲೇ ಆ 'ಸೆಕೆಂಡ್ ವರ್ಗ'ದ ಉತ್ತರವೂ ಇದೆ. ಆ ಇನ್‌ಕ್ರಿಮೆಂಟನ್ನು ಪೂರ್ತಿ ಬಿಡಿಸಿ ಹೇಳಿದರೆ 'ತಿಂಗಳಿಗೆ 2,000 ರೂಪಾಯಿ ಜಾಸ್ತಿ, ಪ್ರತಿ ವರ್ಷಕ್ಕೆ' ಅಂತ ಆಗುತ್ತದೆ. ಸಮಯ ಎರಡು ಸಲ ಬಂತು, ನೋಡಿದಿರಾ? ತಿಂಗಳು ಒಂದು ಸಲ, ವರ್ಷ ಒಂದು ಸಲ. ವೇಗದಲ್ಲೂ ಹಾಗೆಯೇ. ಬೈಕಿನ ವೇಗ 'ಸೆಕೆಂಡಿಗೆ 2 ಮೀಟರ್'ನಷ್ಟು ಏರುತ್ತದೆ, 'ಪ್ರತಿ ಸೆಕೆಂಡಿಗೆ'. ಮೊದಲ ಸೆಕೆಂಡು ವೇಗದೊಳಗೆ ಇರುವುದು. ಎರಡನೆಯದು ಏರಿಕೆಗೆ ಹಿಡಿದ ಸಮಯ. ಎರಡೂ ಸೆಕೆಂಡೇ ಆಗಿರುವುದರಿಂದ ಬರೆಯುವಾಗ ಸೆ² ಅಂತ ಒಟ್ಟು ಮಾಡುತ್ತಾರೆ. ಚೌಕಾಕಾರದ ಸೆಕೆಂಡು ಅಂತ ಯಾವುದೂ ಇಲ್ಲ. ಮಗಳು '2 ಮೀಟರ್ ಪರ್ ಸೆಕೆಂಡ್ ಸ್ಕ್ವೇರ್' ಅಂತ ಗಟ್ಟಿಯಾಗಿ ಓದುವ ಬದಲು 'ಪ್ರತಿ ಸೆಕೆಂಡಿಗೆ, ಸೆಕೆಂಡಿಗೆ 2 ಮೀಟರ್' ಅಂತ ಓದಲಿ. ಕೇಳಲು ವಿಚಿತ್ರ, ಆದರೆ ಅರ್ಥ ಕೈಗೆ ಸಿಗುತ್ತದೆ.

ಘಟಕ ಬದಲಿಸುವ ಬಗ್ಗೆ ಎರಡೇ ಮಾತು. ಒಂದು ಕಿ.ಮೀ. ಅಂದರೆ 1,000 ಮೀಟರ್, ಒಂದು ಗಂಟೆ ಅಂದರೆ 3,600 ಸೆಕೆಂಡ್. 1,000ವನ್ನು 3,600ರಿಂದ ಭಾಗಿಸಿದರೆ 5/18. ಹಾಗಾಗಿ ಗಂಟೆಗೆ ಕಿ.ಮೀ.ನಿಂದ ಸೆಕೆಂಡಿಗೆ ಮೀಟರಿಗೆ ಬರಬೇಕಾದರೆ 5/18ರಿಂದ ಗುಣಿಸಬೇಕು. 18, 36, 54, 72, 90 ಇವು 5, 10, 15, 20, 25 ಆಗುತ್ತವೆ. ಪರೀಕ್ಷೆಯಲ್ಲಿ ಈ ಸಂಖ್ಯೆಗಳೇ ಮತ್ತೆ ಮತ್ತೆ ಬರಲು ಕಾರಣ ಇದೇ, ಸುಮ್ನೆ ಅಲ್ಲ.

ಇನ್ನು ಬಸ್ಸು. ವಿಜಯಪುರದಿಂದ ಬಾಗಲಕೋಟೆಗೆ ಬರುವಾಗ ಕೃಷ್ಣೆಯ ಮೇಲೆ ಕೊಲ್ಹಾರ–ಕೊರ್ತಿ ಸೇತುವೆ ದಾಟುತ್ತೀರಿ. ಸುಮಾರು ಮೂರು ಕಿಲೋಮೀಟರ್ ಉದ್ದ. ಬಸ್ಸು 60ರಲ್ಲಿ ಒಂದೇ ಸಮ ಓಡಿದರೆ ದಾಟಲು ಮೂರು ನಿಮಿಷ ಬೇಕು. ಆ ಮೂರು ನಿಮಿಷ ಕಣ್ಣು ಮುಚ್ಚಿ ಕುಳಿತರೆ ಮೈಗೆ ಏನೂ ಎಳೆತ ಗೊತ್ತಾಗುವುದಿಲ್ಲ. ಎಂಜಿನ್ ಸದ್ದು, ರಸ್ತೆಯ ಅದುರು ಇಷ್ಟೇ. ಸೇತುವೆ ಮುಗಿದ ಮೇಲೆ ಡ್ರೈವರ್ ಬ್ರೇಕ್ ಒತ್ತಿದ ಕೂಡಲೇ ಮುಂದಕ್ಕೆ ವಾಲುತ್ತೀರಿ. ನಮ್ಮ ಮೈಗೆ ವೇಗ ಗೊತ್ತಾಗುವುದಿಲ್ಲ, ವೇಗದ ಬದಲಾವಣೆ ಮಾತ್ರ ಗೊತ್ತಾಗುತ್ತದೆ. 80 ಆದರೂ ಇದೇ ಮಾತು.

ಜಾಸ್ತಿ ವೇಗ ಇದ್ದರೆ ಜಾಸ್ತಿ ವೇಗೋತ್ಕರ್ಷ ಅನ್ನೋ ಭ್ರಮೆ ಬಿಡಿಸಲು ನಾನು ವಂದೇ ಭಾರತ್ ರೈಲಿನ ಲೆಕ್ಕ ಕೊಡುತ್ತೇನೆ. 2025ರ ಆಗಸ್ಟಿನಿಂದ ಬೆಳಗಾವಿ–ಬೆಂಗಳೂರು ನಡುವೆಯೂ ಅದು ಓಡುತ್ತಿದೆ. ಈ ರೈಲಿನ ಹೊಸ ಮಾದರಿ 0ಯಿಂದ 100 ಕಿ.ಮೀ. ವೇಗಕ್ಕೆ 52 ಸೆಕೆಂಡಿನಲ್ಲಿ ಏರುತ್ತದೆ ಅಂತ ರೈಲ್ವೆಯ ಲೆಕ್ಕ. 100 ಕಿ.ಮೀ. ಅಂದರೆ ಸೆಕೆಂಡಿಗೆ 27.8 ಮೀಟರ್. 52ರಿಂದ ಭಾಗಿಸಿದರೆ ಸುಮಾರು 0.53 ಮೀ/ಸೆ². ಮಗಳ ಬೈಕಿನ 2ಕ್ಕೆ ಹೋಲಿಸಿದರೆ ಕಾಲು ಭಾಗದ ಆಸುಪಾಸು!

ಪಕ್ಕದ ರಸ್ತೆಯಲ್ಲಿ ಒಬ್ಬ ಹುಡುಗ ಸೈಕಲ್ ಹಿಡಿದು ನಿಂತಿದ್ದಾನೆ ಅಂದುಕೊಳ್ಳಿ. ವಿಜಯಪುರ, ಬಾಗಲಕೋಟೆ ಸೈಕ್ಲಿಂಗಿಗೆ ಹೆಸರಾದ ಜಿಲ್ಲೆಗಳು, ಹಾಗಾಗಿ ಹುಡುಗ ಸ್ವಲ್ಪ ಗಟ್ಟಿಗನೇ ಇರಲಿ. 5 ಸೆಕೆಂಡಿನಲ್ಲಿ ಅವನು 18 ಕಿ.ಮೀ. ವೇಗಕ್ಕೆ ಬಂದು ಮುಂದೆ ಅಷ್ಟರಲ್ಲೇ ತುಳಿಯುತ್ತಾನೆ. ಅವನ ವೇಗೋತ್ಕರ್ಷ ಮೊದಲ 5 ಸೆಕೆಂಡು 1 ಮೀ/ಸೆ², ಆಮೇಲೆ ಸೊನ್ನೆ. ಐದನೇ ಸೆಕೆಂಡಿಗೆ ಅವನು 12.5 ಮೀಟರ್ ಹೋಗಿರುತ್ತಾನೆ, ರೈಲು 7 ಮೀಟರ್ ಕೂಡ ದಾಟಿರುವುದಿಲ್ಲ. ರೈಲು ಅವನನ್ನು ಹಿಡಿಯುವುದು ಹದಿನಾರನೇ ಸೆಕೆಂಡಿನ ಹೊತ್ತಿಗೆ, ಸುಮಾರು 66 ಮೀಟರ್ ದೂರದಲ್ಲಿ. ನಿಜವಾದ ರೈಲು ಶುರುವಿನಲ್ಲಿ ಇದಕ್ಕಿಂತ ಸ್ವಲ್ಪ ಜೋರಾಗಿ, ಮೇಲೆ ಹೋದಂತೆ ನಿಧಾನವಾಗಿ ಏರುತ್ತದೆ. ನಾನು ಲೆಕ್ಕ ಸುಲಭವಾಗಲಿ ಅಂತ ಎಲ್ಲ ಸೆಕೆಂಡಿಗೂ ಒಂದೇ 0.53 ಹಿಡಿದಿದ್ದೇನೆ. ಮಗಳು ಪ್ರತಿ ಸೆಕೆಂಡಿನ ದೂರವನ್ನು ಒಂದು ಹಾಳೆಯಲ್ಲಿ ಎರಡು ಸಾಲಾಗಿ ಬರೆದು ನೋಡಲಿ. ಹತ್ತು ನಿಮಿಷದ ಕೆಲಸ.

ಈಗ ಮೈನಸ್. ಮೈನಸ್ ಬಂದರೆ ತಪ್ಪಲ್ಲ. ಬ್ರೇಕ್ ಹಾಕಿದ ಲೆಕ್ಕದಲ್ಲಿ ಮೈನಸ್ ಬರದಿದ್ದರೇ ತಪ್ಪು. ಕೊನೆಯ ವೇಗದಿಂದ ಮೊದಲ ವೇಗ ಕಳೆಯಬೇಕು, ಈ ಕ್ರಮ ಬದಲಾಗಬಾರದು. 72 ಕಿ.ಮೀ. ವೇಗದ ಬೈಕು 5 ಸೆಕೆಂಡಿನಲ್ಲಿ ನಿಂತರೆ 0ಯಿಂದ 20 ಕಳೆದು 5ರಿಂದ ಭಾಗಿಸಬೇಕು. ಮೈನಸ್ 4 ಮೀ/ಸೆ². ಪುಸ್ತಕ ಇದನ್ನು ಋಣ ವೇಗೋತ್ಕರ್ಷ ಅನ್ನುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಮೈನಸ್ ಅಂದರೆ ಯಾವಾಗಲೂ 'ನಿಧಾನ ಆಗುವುದು' ಅಂತ ಅಲ್ಲ. ಮೈನಸ್ ಹೇಳುವುದು ದಿಕ್ಕನ್ನು. ಬಸ್ಸು ಸ್ಟ್ಯಾಂಡಿನಲ್ಲಿ ರಿವರ್ಸ್ ತೆಗೆಯುತ್ತಿದೆ, ಮುಂದಿನ ದಿಕ್ಕನ್ನು ಪ್ಲಸ್ ಅಂತ ಹಿಡಿದಿದ್ದೇವೆ. ಹಿಂದಕ್ಕೆ ಹೋಗುತ್ತಾ ಅದು ಜೋರಾದರೆ ವೇಗವೂ ಮೈನಸ್, ವೇಗೋತ್ಕರ್ಷವೂ ಮೈನಸ್, ಆದರೆ ಬಸ್ಸು ನಿಧಾನವಾಗಿಲ್ಲ. ವೇಗದ ಚಿಹ್ನೆ, ವೇಗೋತ್ಕರ್ಷದ ಚಿಹ್ನೆ ಎರಡೂ ಒಂದೇ ಇದ್ದರೆ ಜೋರಾಗುತ್ತಿದೆ. ಬೇರೆ ಬೇರೆ ಇದ್ದರೆ ನಿಧಾನವಾಗುತ್ತಿದೆ. ಇಷ್ಟು ಸಾಕು.

ಬ್ರೇಕಿನ ವಿಷಯ ಬಂತಲ್ಲ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ವೇಗೋತ್ಕರ್ಷದ ಪಾಠ ನಮ್ಮ ಕಡೆಯ ರಸ್ತೆಗಳಲ್ಲಿ ಇದಕ್ಕಿಂತ ಹೆಚ್ಚು ಕೆಲಸಕ್ಕೆ ಬರುವ ಜಾಗ ಇನ್ನೊಂದಿಲ್ಲ. ಸಕ್ಕರೆ ಕಾರ್ಖಾನೆ ಶುರುವಾದ ಮೇಲೆ ಜಮಖಂಡಿ, ಮುಧೋಳ, ಗೋಕಾಕ, ಅಥಣಿ ಕಡೆ ರಾತ್ರಿ ರಸ್ತೆ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಕಬ್ಬು ತುಂಬಿದ ಟ್ರ್ಯಾಕ್ಟರ್, ಹಿಂದೆ ಎರಡು ಟ್ರೇಲರ್, ಕೊನೆಯ ಟ್ರೇಲರಿಗೆ ಎಷ್ಟೋ ಸಲ ಹಿಂದಿನ ದೀಪವೇ ಇಲ್ಲ.

ಒಬ್ಬ ಬೈಕ್ ಸವಾರ 72 ಕಿ.ಮೀ. ವೇಗದಲ್ಲಿ ಬರುತ್ತಿದ್ದಾನೆ. ಹೆಡ್‌ಲೈಟಿನ ಬೆಳಕಿನಲ್ಲಿ ಅವನಿಗೆ ನಿಂತ ಟ್ರೇಲರ್ ಕಾಣುವುದು 60 ಮೀಟರ್ ದೂರದಲ್ಲಿ. ಕಣ್ಣು ನೋಡಿ, ತಲೆಗೆ ಹೊಳೆದು, ಕೈ ಬ್ರೇಕ್ ಹಿಡಿಯುವ ಹೊತ್ತಿಗೆ ಒಂದು ಸೆಕೆಂಡ್ ಹೋಗುತ್ತದೆ. ಆ ಒಂದು ಸೆಕೆಂಡಿನಲ್ಲೇ 20 ಮೀಟರ್ ಮುಗಿಯಿತು. ಉಳಿದದ್ದು 40. ರಸ್ತೆ ಮೇಲೆ ಮಣ್ಣು, ಬಿದ್ದ ಕಬ್ಬಿನ ಸೋಗೆ ಇರುವುದರಿಂದ ಬ್ರೇಕು ಮೈನಸ್ 4ರಷ್ಟೇ ಹಿಡಿಯುತ್ತದೆ ಅಂತ ಇಟ್ಟುಕೊಳ್ಳೋಣ. 20ರಿಂದ 0ಗೆ ಬರಲು 5 ಸೆಕೆಂಡ್. ಆ ಹೊತ್ತಿನ ಸರಾಸರಿ ವೇಗ 10. ಹಾಗಾಗಿ ನಿಲ್ಲಲು 50 ಮೀಟರ್ ಬೇಕು. ಇರುವುದು 40. ಬಡಿಯುತ್ತಾನೆ.

ಎಷ್ಟು ವೇಗದಲ್ಲಿ ಬಡಿಯುತ್ತಾನೆ? ಇಲ್ಲಿ ಮಗಳ ಪುಸ್ತಕದ ಮೂರನೇ ಸಮೀಕರಣ ಬೇಕು. ಕೊನೆಯ ವೇಗದ ವರ್ಗ = ಮೊದಲ ವೇಗದ ವರ್ಗ + 2 × ವೇಗೋತ್ಕರ್ಷ × ದೂರ. 20ರ ವರ್ಗ 400. 2 × 4 × 40 ಅಂದರೆ 320, ಮೈನಸ್ ಚಿಹ್ನೆ ಇರುವುದರಿಂದ ಕಳೆಯಬೇಕು. ಉಳಿದದ್ದು 80. ಅದರ ವರ್ಗಮೂಲ ಸುಮಾರು 8.9. ಗಂಟೆಗೆ 32 ಕಿ.ಮೀ. ವೇಗದಲ್ಲಿ ಟ್ರೇಲರಿನ ಕಬ್ಬಿಣಕ್ಕೆ.

ಅದೇ ಸವಾರ 54ರಲ್ಲಿ ಬಂದಿದ್ದರೆ? ಮೊದಲ ಸೆಕೆಂಡಿನಲ್ಲಿ 15 ಮೀಟರ್. ನಿಲ್ಲಲು 3.75 ಸೆಕೆಂಡ್, ಸರಾಸರಿ ವೇಗ 7.5, ಅಂದರೆ 28 ಮೀಟರ್ ಚಿಲ್ಲರೆ. ಒಟ್ಟು 43. ಟ್ರೇಲರಿಗೆ ಇನ್ನೂ 17 ಮೀಟರ್ ಇರುವಾಗಲೇ ನಿಂತಿರುತ್ತಾನೆ. 18 ಕಿ.ಮೀ. ವೇಗ ಕಡಿಮೆ ಮಾಡಿದ್ದಕ್ಕೆ ಇಷ್ಟು ಅಂತರ. ಕಾರಣ ಆ ವರ್ಗ. ವೇಗ ಎರಡು ಪಟ್ಟಾದರೆ ಬ್ರೇಕಿಗೆ ಬೇಕಾದ ದೂರ ನಾಲ್ಕು ಪಟ್ಟು. 36ರಲ್ಲಿ 12.5 ಮೀಟರ್ ಸಾಕಾದರೆ 72ರಲ್ಲಿ 50 ಬೇಕು.

ಹೆಲ್ಮೆಟ್ ಕೂಡ ವೇಗೋತ್ಕರ್ಷದ ಕಥೆಯೇ. ಸೆಕೆಂಡಿಗೆ 8.9 ಮೀಟರ್ ವೇಗದ ತಲೆ, ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ನಿಂತರೆ ವೇಗೋತ್ಕರ್ಷ ಮೈನಸ್ 890. ಬೀಳುವ ಕಲ್ಲಿನ ತೊಂಬತ್ತು ಪಟ್ಟು. ಹೆಲ್ಮೆಟಿನೊಳಗಿನ ಥರ್ಮಾಕೋಲಿನಂಥ ಪದರ ಜಜ್ಜಿಹೋಗುತ್ತಾ ಆ ಸಮಯವನ್ನು ಹಿಗ್ಗಿಸುತ್ತದೆ. ಭಾಗಿಸುವ ಸಮಯ ಎರಡು ಪಟ್ಟಾದರೆ ವೇಗೋತ್ಕರ್ಷ ಅರ್ಧ. ಅದಕ್ಕೇ ಒಮ್ಮೆ ಬಡಿದ ಹೆಲ್ಮೆಟನ್ನು ಮತ್ತೆ ಹಾಕಬಾರದು, ಆ ಪದರ ತನ್ನ ಕೆಲಸ ಮುಗಿಸಿರುತ್ತದೆ.

ಟ್ರ್ಯಾಕ್ಟರಿನ ಬಗ್ಗೆಯೂ ಒಂದು ಮಾತು. ಖಾಲಿ ಟ್ರೇಲರ್ ಇದ್ದಾಗ ಅದು ಚುರುಕಾಗಿ ಹೊರಡುತ್ತದೆ, ಕಬ್ಬು ತುಂಬಿದಾಗ ಅದೇ ಎಂಜಿನ್ ಹೆಣಗುತ್ತದೆ. ಬಲ ಅಷ್ಟೇ, ರಾಶಿ (ಮಾಸ್) ಐದು ಪಟ್ಟಾದರೆ ವೇಗೋತ್ಕರ್ಷ ಐದನೇ ಒಂದು ಭಾಗ. ಇದು ನ್ಯೂಟನ್ನನ ಎರಡನೇ ನಿಯಮ, ಮುಂದಿನ ಪಾಠದಲ್ಲಿ ಬರುತ್ತದೆ.

ಮೇಲೆ ಎಸೆದ ಚೆಂಡಿನ ಪ್ರಶ್ನೆಗೆ ಬರೋಣ. ಮಗಳ ಪ್ರಶ್ನೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಇದೇ. ಪಿಯುಸಿ ಮುಗಿಸಿದವರೂ ಇಲ್ಲಿ ತಡಬಡಿಸುತ್ತಾರೆ. ಚೆಂಡನ್ನು ಸೆಕೆಂಡಿಗೆ 19.6 ಮೀಟರ್ ವೇಗದಲ್ಲಿ ಮೇಲಕ್ಕೆ ಎಸೆದಿರಿ. ಮೇಲಿನ ದಿಕ್ಕು ಪ್ಲಸ್. ಒಂದು ಸೆಕೆಂಡಿನ ನಂತರ ವೇಗ 9.8. ಎರಡನೇ ಸೆಕೆಂಡಿಗೆ 0. ಮೂರನೇ ಸೆಕೆಂಡಿಗೆ ಮೈನಸ್ 9.8. ನಾಲ್ಕನೇ ಸೆಕೆಂಡಿಗೆ ಮೈನಸ್ 19.6, ಚೆಂಡು ವಾಪಸ್ ಕೈಗೆ. ಸಾಲಾಗಿ ನೋಡಿ: 19.6, 9.8, 0, ಮೈನಸ್ 9.8, ಮೈನಸ್ 19.6. ಪ್ರತಿ ಸೆಕೆಂಡಿಗೂ 9.8 ಕಡಿಮೆಯಾಗುತ್ತಲೇ ಇದೆ. ನಡುವೆ ಸೊನ್ನೆ ಬಂತು ಅಂತ ಈ ಇಳಿಕೆ ಒಂದು ಕ್ಷಣವೂ ನಿಂತಿಲ್ಲ. ತುದಿಯಲ್ಲಿ ವೇಗ ಸೊನ್ನೆ, ವೇಗೋತ್ಕರ್ಷ ಮೈನಸ್ 9.8. ಅಲ್ಲಿ ವೇಗೋತ್ಕರ್ಷವೂ ಸೊನ್ನೆ ಆಗಿದ್ದಿದ್ದರೆ ವೇಗ ಬದಲಾಗಲು ಕಾರಣವೇ ಇಲ್ಲ, ಚೆಂಡು ಅಲ್ಲೇ ಗಾಳಿಯಲ್ಲಿ ಉಳಿದುಬಿಡಬೇಕಿತ್ತು. ಉಳಿಯುವುದಿಲ್ಲವಲ್ಲ.

ಈ 9.8 ಭೂಮಿಯ ಎಲ್ಲ ಕಡೆ ಚಾಚೂ ತಪ್ಪದೆ ಒಂದೇ ಅಲ್ಲ. ಸಮಭಾಜಕದ ಹತ್ತಿರ 9.78, ಧ್ರುವಗಳಲ್ಲಿ 9.83. ಶಾಲೆಯ ಲೆಕ್ಕಕ್ಕೆ 9.8 ಸಾಕು, ಕೆಲವರು 10 ಅಂತಲೂ ಹಿಡಿಯುತ್ತಾರೆ.

ಗೋಕಾಕ ಜಲಪಾತ ನೋಡಿದ್ದೀರಲ್ಲ? ಘಟಪ್ರಭೆ ಅಲ್ಲಿ ಸುಮಾರು 52 ಮೀಟರ್ ಕೆಳಗೆ ಧುಮುಕುತ್ತದೆ. ಮಳೆಗಾಲದಲ್ಲಿ ತೂಗುಸೇತುವೆ ಕಡೆ ನಿಂತು ನೀರಿನ ಒಂದು ತುಣುಕನ್ನು ಮೇಲಿಂದ ಕೆಳಗಿನವರೆಗೆ ಕಣ್ಣಿನಲ್ಲೇ ಹಿಂಬಾಲಿಸಬಹುದು. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ ಮೊದಲ ಸೆಕೆಂಡಿನಲ್ಲಿ ಅದು ಬೀಳುವುದು 4.9 ಮೀಟರ್. ಎರಡನೇ ಸೆಕೆಂಡಿನಲ್ಲಿ 14.7. ಮೂರನೇ ಸೆಕೆಂಡಿನಲ್ಲಿ 24.5. ಒಟ್ಟು 44.1 ಮೀಟರ್. ಉಳಿದ 8 ಮೀಟರನ್ನು ಕಾಲು ಸೆಕೆಂಡಿನಲ್ಲಿ ಮುಗಿಸುತ್ತದೆ. ಒಟ್ಟು ಸಮಯ ಸುಮಾರು 3.26 ಸೆಕೆಂಡ್. ತಳ ಮುಟ್ಟುವಾಗ ವೇಗ ಸೆಕೆಂಡಿಗೆ 32 ಮೀಟರ್, ಗಂಟೆಗೆ 115 ಕಿ.ಮೀ. ನಿಜದಲ್ಲಿ ನೀರು ಹನಿಯಾಗಿ ಒಡೆಯುತ್ತದೆ, ಗಾಳಿ ತಡೆಯುತ್ತದೆ, ಅಷ್ಟು ವೇಗ ಬರುವುದಿಲ್ಲ.

ಆ ಮೂರು ಸಂಖ್ಯೆಗಳನ್ನು 4.9ರಿಂದ ಭಾಗಿಸಿ ನೋಡಿ: 1, 3, 5. ಮುಂದಿನ ಸೆಕೆಂಡಿಗೆ 7, ಆಮೇಲೆ 9. ಬರೀ ಬೆಸ ಸಂಖ್ಯೆಗಳು! ಇದನ್ನು ಕಂಡುಹಿಡಿದದ್ದು ಗೆಲಿಲಿಯೋ. ಆಗ ಸೆಕೆಂಡು ತೋರಿಸುವ ಗಡಿಯಾರ ಅವನ ಕೈಯಲ್ಲಿ ಇರಲಿಲ್ಲ. ನೇರ ಬೀಳುವ ಗುಂಡು ಕಣ್ಣಿಗೆ ಸಿಗದಷ್ಟು ಬೇಗ ಬೀಳುತ್ತದೆ ಅಂತ ಅವನು ಇಳಿಜಾರು ಹಲಗೆಯ ಮೇಲೆ ಗುಂಡು ಉರುಳಿಸಿದ. ಪಾತ್ರೆಯಿಂದ ಸಣ್ಣ ಧಾರೆಯಾಗಿ ನೀರು ಬಿಟ್ಟು, ಬಿದ್ದ ನೀರನ್ನು ತೂಗಿ ಸಮಯ ಅಳೆದ. ಇಳಿಜಾರಿನಲ್ಲಿ ವೇಗೋತ್ಕರ್ಷ 9.8ಕ್ಕಿಂತ ಕಡಿಮೆ, ಆದರೆ 1, 3, 5, 7 ಅನ್ನೋ ಅನುಪಾತ ಮಾತ್ರ ಅದೇ. ವೇಗೋತ್ಕರ್ಷ ಒಂದೇ ಸಮ ಇರುವ ಕಡೆ, ನಿಂತಲ್ಲಿಂದ ಹೊರಟ ಯಾವ ವಸ್ತುವಾದರೂ ಇದೇ ಅನುಪಾತದಲ್ಲಿ ಸಾಗುತ್ತದೆ. ಭಾರದ್ದು ಬೇಗ, ಹಗುರದ್ದು ತಡ ಅಂತಲೂ ಇಲ್ಲ. 1971ರಲ್ಲಿ ಅಪೋಲೋ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಸುತ್ತಿಗೆ ಮತ್ತು ಹಕ್ಕಿಯ ಗರಿಯನ್ನು ಒಟ್ಟಿಗೆ ಬಿಟ್ಟಾಗ ಎರಡೂ ಒಟ್ಟಿಗೇ ನೆಲ ಮುಟ್ಟಿದವು. ಅಲ್ಲಿ ತಡೆಯಲು ಗಾಳಿ ಇಲ್ಲ. ಅಲ್ಲಿನ ವೇಗೋತ್ಕರ್ಷ 1.6 ಅಷ್ಟೇ.

'ಒಂದೇ ಸಮ' ಅಂದೆನಲ್ಲ, ಆ ಷರತ್ತನ್ನು ಮಗಳು ಗಮನದಲ್ಲಿ ಇಡಬೇಕು. ಪುಸ್ತಕದ ಮೂರೂ ಸಮೀಕರಣಗಳು ಏಕರೂಪ ವೇಗೋತ್ಕರ್ಷಕ್ಕೆ ಮಾತ್ರ. ನಿಜವಾದ ವಾಹನ ಹಾಗೆ ಓಡುವುದಿಲ್ಲ. ಯಾರಾದರೂ ದೊಡ್ಡವರು ಕಾರು ಓಡಿಸುವಾಗ ಪಕ್ಕದಲ್ಲಿ ಕುಳಿತು ಸ್ಪೀಡೋಮೀಟರಿನ ವಿಡಿಯೋ ತೆಗೆಯಲಿ. ಮನೆಗೆ ಬಂದು ಒಂದೊಂದು ಸೆಕೆಂಡಿಗೆ ನಿಲ್ಲಿಸಿ ಸಂಖ್ಯೆ ಬರೆದುಕೊಳ್ಳಲಿ. 0, 10, 18, 24, 28, 30 ಅಂತ ಬಂತು ಅಂದುಕೊಳ್ಳಿ. ಐದು ಸೆಕೆಂಡಿನಲ್ಲಿ 30 ಏರಿತು, ಸರಾಸರಿ ಪ್ರತಿ ಸೆಕೆಂಡಿಗೆ 6. ಆದರೆ ಮೊದಲ ಸೆಕೆಂಡಿನಲ್ಲಿ ಏರಿದ್ದು 10, ಕೊನೆಯದರಲ್ಲಿ ಬರೀ 2. ನಾವು ಸೂತ್ರದಿಂದ ತೆಗೆಯುವುದು ಸರಾಸರಿ ವೇಗೋತ್ಕರ್ಷ.

ಇದರಿಂದ ದೂರದ ಲೆಕ್ಕ ಕೆಡುತ್ತದೆ. ಏಕರೂಪ ಅಂತ ಹಿಡಿದರೆ ಸರಾಸರಿ ವೇಗ 15 ಕಿ.ಮೀ., ಐದು ಸೆಕೆಂಡಿಗೆ ಸುಮಾರು 21 ಮೀಟರ್. ಆದರೆ ಒಂದೊಂದು ಸೆಕೆಂಡಿನ ಸರಾಸರಿ ವೇಗ ತೆಗೆದರೆ 5, 14, 21, 26, 29 ಬರುತ್ತದೆ. ಕೂಡಿಸಿದರೆ 95, ಅದನ್ನು 5/18ರಿಂದ ಗುಣಿಸಿದರೆ 26 ಮೀಟರಿಗಿಂತ ಸ್ವಲ್ಪ ಜಾಸ್ತಿ. ಸುಮಾರು ಐದೂವರೆ ಮೀಟರ್ ಅಂತರ. ವೇಗ–ಸಮಯದ ನಕ್ಷೆಯಲ್ಲಿ ಗೆರೆಯ ಕೆಳಗಿನ ವಿಸ್ತೀರ್ಣವೇ ದೂರ ಅಂತ ಪುಸ್ತಕ ಹೇಳುವುದು ಇದನ್ನೇ. ಗೆರೆ ನೇರವಾಗಿದ್ದರೆ ತ್ರಿಕೋನ, ಬಾಗಿದ್ದರೆ ಒಂದೊಂದೇ ಪಟ್ಟಿಯಾಗಿ ಕೂಡಿಸಬೇಕು. ಗೆರೆ ಎಷ್ಟು ಕಡಿದಾಗಿದೆ ಅನ್ನೋದು ವೇಗೋತ್ಕರ್ಷ.

ಮೇಲೆ ನಾನು 'ನೇರ ರಸ್ತೆಯಲ್ಲಿ' ಅಂತ ಸೇರಿಸಿದ್ದೆ. ಅದಕ್ಕೆ ಕಾರಣ ಇದೆ. ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋದವರಿಗೆ ಗೊತ್ತು, ತಿರುವುಗಳಲ್ಲಿ ಹೊಟ್ಟೆ ತೊಳಸುತ್ತದೆ. ಡ್ರೈವರ್ 36ರಲ್ಲೇ ಒಂದೇ ಸಮ ಓಡಿಸಿದರೂ ಅಷ್ಟೇ. ಮುಳ್ಳು ಅಲುಗಿಲ್ಲ, ಮತ್ತೆ ಮೈಗೆ ಈ ಎಳೆತ ಎಲ್ಲಿಂದ? ಸ್ಪೀಡೋಮೀಟರ್ ತೋರಿಸುವುದು ಜವವನ್ನು, ಅಂದರೆ ಎಷ್ಟು ಜೋರು ಅನ್ನೋದನ್ನು ಮಾತ್ರ. ವೇಗದಲ್ಲಿ ದಿಕ್ಕೂ ಸೇರಿದೆ. ದಿಕ್ಕು ಬದಲಾದರೂ ವೇಗ ಬದಲಾದ ಹಾಗೆಯೇ, ಅಂದರೆ ವೇಗೋತ್ಕರ್ಷ ಇದೆ. ಅದು ತಿರುವಿನ ಒಳಮುಖಕ್ಕೆ ಇರುತ್ತದೆ. ಲೆಕ್ಕ ಸುಲಭ: ಜವದ ವರ್ಗವನ್ನು ತಿರುವಿನ ತ್ರಿಜ್ಯದಿಂದ ಭಾಗಿಸಬೇಕು. ಸೆಕೆಂಡಿಗೆ 10 ಮೀಟರ್ ಜವ, 25 ಮೀಟರ್ ತ್ರಿಜ್ಯ ಇದ್ದರೆ 100 ಭಾಗಿಸು 25, ಅಂದರೆ 4 ಮೀ/ಸೆ². ಆ ಬೈಕ್ ಸವಾರ ಬ್ರೇಕ್ ಒತ್ತಿದಾಗ ಬಂದಷ್ಟೇ. ಒಂಬತ್ತನೇ ತರಗತಿಗೆ ಈ ಲೆಕ್ಕ ಬೇಡ, ವಿಚಾರ ಮಾತ್ರ ಗೊತ್ತಿರಲಿ.

ಮನೆಯಲ್ಲಿ ಸ್ಮಾರ್ಟ್‌ಫೋನ್ ಇದ್ದರೆ ಇನ್ನೊಂದು ಮಜಾ ಇದೆ. ಫೋನಿನೊಳಗೆ ವೇಗೋತ್ಕರ್ಷ ಅಳೆಯುವ ಸಣ್ಣ ಚಿಪ್ ಇರುತ್ತದೆ. ಫೋನ್ ಅಡ್ಡ ಹಿಡಿದರೆ ಪರದೆ ತಿರುಗುವುದು ಅದರಿಂದಲೇ. ಜರ್ಮನಿಯ ಆಖೆನ್ ನಗರದ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಅನ್ನೋ ಉಚಿತ ಆ್ಯಪ್ ಹಾಕಿಕೊಂಡರೆ ಆ ಚಿಪ್ಪಿನ ಅಳತೆ ಗ್ರಾಫ್ ಆಗಿ ಕಾಣುತ್ತದೆ. ಅದರಲ್ಲಿ ಗುರುತ್ವ ಸೇರಿಸಿ ಒಂದು, ಗುರುತ್ವ ಕಳೆದು ಒಂದು, ಹೀಗೆ ಎರಡು ಅಳತೆ ಇವೆ. ಫೋನನ್ನು ಮೇಜಿನ ಮೇಲೆ ಸುಮ್ನೆ ಇಟ್ಟರೂ ಮೊದಲನೆಯದು 9.8 ತೋರಿಸುತ್ತದೆ. ಮಗಳು ಗಾಬರಿಯಾಗುವುದು ಬೇಡ. ಆ ಚಿಪ್ಪಿಗೆ ಗೊತ್ತಾಗುವುದು ಮೇಜು ಕೆಳಗಿನಿಂದ ಒತ್ತುತ್ತಿರುವುದು ಮಾತ್ರ. ಅದೇ ಫೋನನ್ನು ದಪ್ಪ ಗಾದಿಯ ಮೇಲೆ ಒಂದಡಿ ಎತ್ತರದಿಂದ ಬಿಟ್ಟರೆ, ಬೀಳುವಷ್ಟು ಹೊತ್ತು ಒತ್ತುವವರು ಯಾರೂ ಇಲ್ಲ, ಗೆರೆ ಸೊನ್ನೆಯ ಹತ್ತಿರ ಇಳಿಯುತ್ತದೆ. ಬಸ್ಸಿನಲ್ಲಿ ಹೋಗುವಾಗ ಗುರುತ್ವ ಕಳೆದ ಅಳತೆ ಹಾಕಿ, ಫೋನನ್ನು ತೊಡೆಯ ಮೇಲೆ ಬಸ್ಸಿನ ದಿಕ್ಕಿಗೆ ಹಿಡಿದು ಕೂರಲಿ. ಗೇರ್ ಬದಲಿಸಿದ್ದು, ಬ್ರೇಕ್ ಒತ್ತಿದ್ದು, ಉಬ್ಬು ಹಾರಿದ್ದು ಎಲ್ಲ ಗೆರೆಯಲ್ಲಿ ಬೇರೆ ಬೇರೆಯಾಗಿ ಕಾಣುತ್ತದೆ.

ಪರೀಕ್ಷೆಗೆ ಇಷ್ಟು ಹೇಳಿ. ಲೆಕ್ಕ ಓದಿದ ಕೂಡಲೇ ಸೂತ್ರ ಬರೆಯುವುದು ಬೇಡ. ಮೊದಲ ವೇಗ, ಕೊನೆಯ ವೇಗ, ಸಮಯ, ದೂರ, ಇವುಗಳಲ್ಲಿ ಏನು ಕೊಟ್ಟಿದ್ದಾರೋ ಅದನ್ನು ಘಟಕ ಸಮೇತ ಒಂದರ ಕೆಳಗೆ ಒಂದು ಬರೆಯಲಿ. ಕಿ.ಮೀ. ಇದ್ದರೆ ಅಲ್ಲೇ ಮೀಟರಿಗೆ ಬದಲಿಸಲಿ. 'ನಿಶ್ಚಲ ಸ್ಥಿತಿಯಿಂದ' ಅಂತ ಇದ್ದರೆ ಮೊದಲ ವೇಗ ಸೊನ್ನೆ, 'ನಿಲ್ಲುತ್ತದೆ' ಅಂತ ಇದ್ದರೆ ಕೊನೆಯ ವೇಗ ಸೊನ್ನೆ. ಎರಡೂ ಇಲ್ಲದಿದ್ದರೆ ಆ ಬೈಕಿನ ಹಾಗೆ ಎರಡೂ ಕಡೆ ಸಂಖ್ಯೆ ಇದೆ ಅಂತ.

ಒಂದು ಲೆಕ್ಕ ಅವಳಿಗೆ ಕೊಡಿ. 54 ಕಿ.ಮೀ. ವೇಗದ ಬಸ್ಸು ಬ್ರೇಕ್ ಹಾಕಿದ ಮೇಲೆ 45 ಮೀಟರ್ ಹೋಗಿ ನಿಂತಿತು. ವೇಗೋತ್ಕರ್ಷ ಎಷ್ಟು, ಎಷ್ಟು ಸೆಕೆಂಡ್ ಹಿಡಿಯಿತು? ಸಮಯ ಕೊಟ್ಟಿಲ್ಲ, ಹಾಗಾಗಿ ಮೂರನೇ ಸಮೀಕರಣದಿಂದ ಹೋಗಬಹುದು. ಇಲ್ಲವೇ ಸರಾಸರಿ ವೇಗ 7.5 ಅಂತ ಹಿಡಿದು ಮೊದಲು ಸಮಯ ತೆಗೆಯಬಹುದು, ನನಗೆ ಎರಡನೇ ದಾರಿಯೇ ಇಷ್ಟ. ಯಾವ ದಾರಿಯಲ್ಲಿ ಹೋದರೂ ಮೈನಸ್ 2.5 ಮೀ/ಸೆ² ಮತ್ತು 6 ಸೆಕೆಂಡ್ ಬರಬೇಕು.